ಗಡ್ಡವಿಲ್ಲದ ಗಂಡು ಟರ್ಕಿ

ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಬಾಗಲಕೋಟೆಯ ಬಿ.ಎಡ್ ಕಾಲೇಜಿನಿಂದ ಸೊಸೆಯ ಫೋನು ಬಂತು. ಮುಂದಿನ ವಾರ ಇದ್ದ ಪರೀಕ್ಷೆಯ ಪಾಠ ನಾಳೆಗೇ ಬಂದಿತ್ತು. ಅವಳು ಮಕ್ಕಳಿಗೆ ಪಾಠ ಮಾಡಬೇಕು, ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಹೋದ ವರ್ಷ ಇದರಲ್ಲೇ ನಪಾಸಾಗಿದ್ದಳು. ಈ ಸಲದ ವಿಷಯ ಅಮೆರಿಕದ ಕಡೆಯ ಎರಡು ಜಾತಿ ಕಾಡು ಟರ್ಕಿ ಕೋಳಿಗಳ ವ್ಯತ್ಯಾಸ. ಪಾಠಕ್ಕೆ ಬೇಕಾದ ಚಿತ್ರ ಇನ್ನೂ ಬರೆದಿರಲಿಲ್ಲ.

“ಅತ್ತಿ, ಈ ಸಲಾನೂ ಹೋದ್ರ ನಾ ಕಾಲೇಜ್ ಬಿಟ್ಟ ಬಿಡ್ತೇನಿ ನೋಡ್ರಿ.”

“ಬಿಡೂದು ನಾಡದ್ದರ ಮಾತು. ಮೊದಲ ಕೋಳಿ ಫೋಟೊ ಕಳಸು.”

ಕೋಳಿ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಚಿತ್ರ ಬರೆಯಲೂ ನನಗೆ ಬಾರದು. ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಮಾತ್ರ ಬರುತ್ತದೆ. ಹಳೆಯ ಇಳಕಲ್ ಸೀರೆಗಳ ತುಂಡಿನ ಗಂಟು ಬಿಚ್ಚಿದೆ. ಅವಳು ಕಳಿಸಿದ ಫೋಟೊದಲ್ಲಿದ್ದ ದೊಡ್ಡ ಹಕ್ಕಿಗೆ ಕಂದು, ಸಣ್ಣದಕ್ಕೆ ಹಸಿರು. ಸಣ್ಣದರ ತಲೆಗೆ ಬೇಕಾದ ನೀಲಿ ಅಂಗೈಯಗಲವಷ್ಟೇ ಉಳಿದಿತ್ತು. ಶಿವನ ದಯೆ, ಅಷ್ಟಾದರೂ ಇತ್ತು. ಆ ತಲೆಯ ಮೇಲಿನ ಕಿತ್ತಳೆ ಬಣ್ಣದ ಗುಳ್ಳೆಗಳಿಗೆ ದಾರದ ಗಂಟು ಹಾಕಿದೆ. ದೊಡ್ಡದರ ಎದೆಯಿಂದ ಗಡ್ಡದಂತೆ ಕೂದಲು ಇಳಿದಿತ್ತು. ಅದಕ್ಕೆ ಕರಿ ನೂಲಿನ ಗೊಂಡೆ. ಸಣ್ಣದರ ಗಡ್ಡ ಫೋಟೊದಲ್ಲಿ ಕಾಣಲಿಲ್ಲ. ನೆರಳಿನಲ್ಲಿ ಮರೆಯಾಗಿರಬೇಕೆಂದು ಅದಕ್ಕೂ ಒಂದು ಹಚ್ಚಿದೆ.

ಸಂಜೆ ಬಸ್ಸಿಳಿದು ಬಂದ ಸೊಸೆ ನೋಡಿ ಹಣೆ ಹಿಡಿದುಕೊಂಡಳು.

“ಅತ್ತಿ, ಸಣ್ಣದಕ್ಕ್ಯಾಕ ಗಡ್ಡ ಹಚ್ಚೀರಿ?”

“ಎರಡೂ ಗಂಡಽ ಅಲ್ಲೇನ?”

“ಗಂಡಾದ್ರೂ ಇದಕ್ಕ ಗಡ್ಡ ಬರೂದಿಲ್ರಿ. ಬಾಲದಾಗ ನವಿಲಿನ್ಹಂಗ ಕಣ್ಣು ಇರತಾವ, ಅಷ್ಟ.”

“ನನ್ನ ಮಗನ ಜಾತೀದು ಅನ್ನು. ಅವಂಗೂ ನಾಕ ಕೂದಲಾ.”

ನಕ್ಕಳು, ಆದರೆ ಗೊಂಡೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಎದ್ದು ಕಂಡಾಗ ಕಣ್ಣು ತುಂಬಿಕೊಂಡಳು. ನಾನು ಕುಪ್ಪಸದ, ಒತ್ತಿದರೆ ಕೂಡುವ ಟಿಚ್ ಬಟನ್ ತಂದು ಆ ತೂತುಗಳ ಮೇಲೊಂದು, ದೊಡ್ಡ ಹಕ್ಕಿಯ ಎದೆಗೊಂದು ಹೊಲಿದೆ. ಗಡ್ಡ ಒಂದನ್ನೇ ಉಳಿಸಿ, ಯಾವುದಕ್ಕಾದರೂ ಹಚ್ಚಿ ತೆಗೆಯಲು ಬರುವಂತೆ ಬಟನ್ನಿನ ಇನ್ನೊಂದು ಅರ್ಧವನ್ನು ಅದರ ಹಿಂದೆ ಹೊಲಿದೆ.

“ಇದು ಯಾವುದರ ಗಡ್ಡ ಅಂತ ಹುಡುಗರನ್ನಽ ಕೇಳು. ಅವರಽ ಹಚ್ಚಲಿ.”

ಮರುದಿನ ಪೂಜೆಗೆ ಕೂತಾಗ, ಪಾಠ ಮಾಡುವಾಗ ಅವಳ ದನಿ ನಡುಗದಿರಲಿ ಎಂದಷ್ಟೇ ಬೇಡಿಕೊಂಡೆ. ಮಧ್ಯಾಹ್ನ ಫೋನು ಬಂತು.

“ಪಾಸ್ ರಿ, ಅತ್ತಿ! ಒಬ್ಬಾಕಿ ಸಣ್ಣದಕ್ಕ ಗಡ್ಡ ಹಚ್ಚಿದ್ಲು. ಕ್ಲಾಸಿಗೆ ಕ್ಲಾಸಽ ಒದರಿ ತಪ್ಪು ಅಂತು. ಯಾಕ ತಪ್ಪು ಅಂತಾನೂ ಅವರಽ ಹೇಳಿದ್ರು.”

ಬೋರ್ಡಿನ ಅಕ್ಷರ ಸೊಟ್ಟಗಾಗಿ ಒಂದಿಷ್ಟು ಅಂಕ ಹೋಗಿದ್ದವಂತೆ. ಹೋಗಲಿ. ಮುಂದಿನ ಪಾಠಕ್ಕೆ ಏನು ಹೊಲಿಯಬೇಕೋ ಬಂದು ಹೇಳು ಎಂದು ಫೋನಿಟ್ಟೆ. ಒಲೆಯಿಂದಿಳಿಸಿದ ಹಾಲು ಆರಿತ್ತು. ಹೆಪ್ಪು ಹಾಕಲು ಒಳಗೆ ಹೋದೆ.