ದೊಡ್ಡಪ್ಪನ ಪಕ್ಕದ ಎಲೆ

ಗೆಳೆಯರೇ, ಇವತ್ತು ಶಿರಾದ ನಮ್ಮ ಮನೆಯ ಹರಿಸೇವೆಗೆ ಅಕ್ಕನ ಮಗ ಕಿರಣ ತನ್ನ ಸಂಗಾತಿ, ಪುಣೆಯ ರೋಹನ್‌ನನ್ನು ಕರೆತಂದಿದ್ದ. ಇಬ್ಬರನ್ನೂ ದೇವರ ಪ್ರಸಾದದೂಟದ ಪಂಕ್ತಿಯಲ್ಲಿ ಕೂರಿಸಬಾರದೆಂದು ದೊಡ್ಡಪ್ಪ ಪಟ್ಟು ಹಿಡಿದರು.

“ಇದು ಹೋಮೋಫೋಬಿಯಾ, ದೊಡ್ಡಪ್ಪ. ಸಲಿಂಗಿಗಳನ್ನು ಕಂಡರೆ ಭಯ, ದ್ವೇಷ” ಎಂದೆ.

“ನಂಗ್ಯಾವ ಭಯಾನೂ ಇಲ್ಲ ಕಣಮ್ಮ. ದೇವ್ರು ಒಪ್ಪಲ್ಲ, ಅಷ್ಟೆ.”

ಅವರ ಭಕ್ತಿಗೆ ನಾನು ಕಾಯಿಲೆಯ ಹೆಸರಿಟ್ಟೆನೇ ಎಂದು ಯೋಚಿಸುವಷ್ಟರಲ್ಲಿ ದೊಡ್ಡಮ್ಮ ಇಬ್ಬರಿಗೂ ಎಲೆ ಹಾಕಿಬಿಟ್ಟರು. “ಹರಿಸೇವೆಗೆ ಬಂದೋರ್ನ ಹಸ್ದ ಹೊಟ್ಟೇಲಿ ಕಳ್ಸಿದ್ರೆ ದೇವ್ರು ಒಪ್ತಾನಾ? ನಿಮ್ಗೆ ಭಯ ಇಲ್ದಿದ್ರೆ ಅವ್ರ ಪಕ್ಕದಲ್ಲೇ ಕೂತ್ಕೊಂಡು ಉಣ್ಣಿ.”

ದೊಡ್ಡಪ್ಪ ಕೂತರು. ರೋಹನ್ ಮುದ್ದೆಯನ್ನು ಅಗಿಯತೊಡಗಿದ.

“ಅಯ್ಯೋ, ಅಗೀಬ್ಯಾಡ ಕಣ್ಲಾ, ನುಂಗ್ಲಾ!” ಎಂದು ದೊಡ್ಡಪ್ಪ ತಾವೇ ತುತ್ತು ಮುರಿದು, ಸಾರಲ್ಲಿ ಅದ್ದಿ ತೋರಿಸಿದರು. ಪಂಕ್ತಿಯೆಲ್ಲ ನಕ್ಕಿತು.

ಸಲಿಂಗಪ್ರೇಮದ ಬಗ್ಗೆ ಅವರ ತಕರಾರು ಹಾಗೇ ಇದೆ. ಆದರೆ ಸಂಜೆಯವರೆಗೂ ಬಂದವರಿಗೆಲ್ಲ ಅವರು ದೂರಿದ್ದು ಮುದ್ದೆ ಅಗಿದದ್ದನ್ನು ಮಾತ್ರ.