ಎರಡಾಳಿನ ನಡಿಗೆ

ಪಾಂಡವಪುರದ ಕಡೆಯ ಒಂದು ನಾಲೆಗೆ ಚಲುವರಾಜು ನೀರುಗಂಟಿ. ಹದಿನೆಂಟು ವರ್ಷದಿಂದ ದಿನವೂ ಏರಿಯ ಮೇಲೆ ನಡೆದು, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ೧೯೯೯ರಲ್ಲಿ ಪಕ್ಕದ ಭಾಗದ ನೀರುಗಂಟಿ ನಿವೃತ್ತನಾದಾಗ ಬದಲಿಗೆ ಯಾರನ್ನೂ ಹಾಕಲಿಲ್ಲ. ಅದನ್ನೂ ನೀನೇ ನೋಡಿಕೋ ಎಂದರು ನೀರಾವರಿ ಕಚೇರಿಯವರು. ಎಂಟು ಕಿಲೋಮೀಟರಿನ ನಡಿಗೆ ಒಂದೇ ದಿನಕ್ಕೆ ಹದಿನಾರಾಯಿತು.

ಎರಡು ತಿಂಗಳಲ್ಲಿ ಬಲಗಾಲಿನ ಹಿಮ್ಮಡಿಯ ಮೇಲಿನ ನರ ಹೆಬ್ಬೆರಳಿನಷ್ಟು ಊದಿಕೊಂಡಿತು. ಬೆಳಿಗ್ಗೆ ಎದ್ದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ನಡೆಯುತ್ತ ನಡೆಯುತ್ತ ಸ್ವಲ್ಪ ಸಡಿಲವಾಗುತ್ತಿತ್ತು. ಹಾಗಾಗಿ ಮಧ್ಯಾಹ್ನ ಅವನು ನಡೆಯುವುದನ್ನು ಕಂಡ ಮೇಲ್ವಿಚಾರಕರು ಎಲ್ಲರೆದುರು ನಾಟಕ ಎಂದರು. ಒಂದು ದಿನವೂ ಕೆಲಸ ತಪ್ಪಿಸದವನಿಗೆ ಸಿಕ್ಕ ಮರ್ಯಾದೆ ಅದು.

ಪೇಟೆಯಲ್ಲಿ ಯಾರೋ ಒಬ್ಬರು ಊತಕ್ಕೇ ಸೂಜಿ ಚುಚ್ಚಿದರು. ವಾರ ಹಾಯಾಗಿತ್ತು, ಆಮೇಲೆ ಮೊದಲಿಗಿಂತ ಜೋರು. ಹೆಂಡತಿ ಪಾರ್ವತಮ್ಮ ಅವನನ್ನು ಕೆ.ಆರ್. ಪೇಟೆಯ ಮೂಳೆ ಡಾಕ್ಟರ ಬಳಿಗೆ ಕರೆದೊಯ್ದಳು. ಸೂಜಿಯ ಮಾತು ಕೇಳಿ ಡಾಕ್ಟರು ಸಿಟ್ಟಾದರು. ಅಲ್ಲಿಗೆ ಚುಚ್ಚಿದರೆ ಊದಿದ ಆ ಭಾಗವೇ ಕಿತ್ತು ಹೋಗಬಹುದಂತೆ. ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹುರಿ, ಕೆಲಸ ಒಮ್ಮೆಲೇ ಏರಿದರೆ ಎಳೆಎಳೆಯಾಗಿ ಸವೆಯುತ್ತದೆ ಎಂದರು. ಹಾಗಂತ ಮಲಗಿಬಿಟ್ಟರೂ ಗುಣವಾಗದು. ನಡಿಗೆ ಅರ್ಧ ಇಳಿಸಬೇಕು, ಚಪ್ಪಲಿಯ ಹಿಂಬದಿಗೆ ಮೆತ್ತೆ ಇಡಬೇಕು. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದನ್ನು ಎರಡು ಹೊತ್ತೂ, ಮೂರು ತಿಂಗಳು ಮಾಡಬೇಕು.

ಡಾಕ್ಟರ ಚೀಟಿಯನ್ನು ಮೇಲ್ವಿಚಾರಕರು ಓದದೆ ಹಿಂದಕ್ಕೆ ತಳ್ಳಿದರು. ಮಾರನೆಯ ದಿನ ಚಲುವರಾಜುವನ್ನು ಮನೆಯಲ್ಲಿ ಕೂರಿಸಿ ಪಾರ್ವತಮ್ಮ ತಾನೇ ಕಚೇರಿಗೆ ಹೋದಳು.

"ನಾಟ್ಕ ಅಂದ್ರಂತಲ್ಲ ಸ್ವಾಮಿ. ಇಬ್ಬರ ಕೆಲ್ಸಾನ ಒಬ್ಬನ ಕಾಲಿಗೆ ಕಟ್ಬುಟ್ಟು, ಅದು ನೊಂದ್ರೆ ನಾಟ್ಕವಾ? ಒಂದಿನ ನೀವೇ ಅಷ್ಟೂ ನಡ್ಕಂಡ್ ಬನ್ನಿ, ನೋಡಾನ."

ಮರುದಿನವೂ ಅವಳು ಗಂಡನನ್ನು ಕೆಲಸಕ್ಕೆ ಕಳಿಸಲಿಲ್ಲ.

ಮೂರು ದಿನ ತೂಬು ಎತ್ತುವವರಿಲ್ಲದೆ ಗದ್ದೆ ಒಣಗತೊಡಗಿದಾಗ ರೈತರು ಕಚೇರಿಗೆ ನುಗ್ಗಿದರು. ಅಂದೇ ಸಂಜೆ ಆ ಇನ್ನೊಂದು ಭಾಗಕ್ಕೆ ನಾಗರಾಜು ಎಂಬವನು ಬಂದ. ಅಲ್ಲಿಯವರೆಗೆ ಆಳಿಲ್ಲ, ಆಳಿಲ್ಲ ಎಂದಿದ್ದವರಿಗೆ ಅರ್ಧ ದಿನದಲ್ಲಿ ಆಳು ಸಿಕ್ಕಿದ್ದ. ಚಲುವರಾಜುವಿಗೆ ಮೂರು ತಿಂಗಳು ಕಚೇರಿಯ ಪಕ್ಕದ ತೂಬುಗಳನ್ನಷ್ಟೇ ಕೊಟ್ಟರು; ಅವನ ಭಾಗದ ಉಳಿದ ತೂಬುಗಳನ್ನು ಅಷ್ಟು ದಿನ ರೈತರೇ ನೋಡಿಕೊಂಡರು.

ಮನೆಯ ಮೆಟ್ಟಿಲ ಮೇಲೆ ಅವನು ಹಲ್ಲು ಕಚ್ಚಿ ಹಿಮ್ಮಡಿ ಇಳಿಸಿದ. ನಾಲ್ಕನೆಯ ತಿಂಗಳು ತನ್ನ ಎಂಟು ಕಿಲೋಮೀಟರನ್ನು ಕುಂಟದೆ ನಡೆದ. ಆದರೆ ಸೇವಾ ಪುಸ್ತಕದಲ್ಲಿ ಆ ಮೂರು ದಿನಕ್ಕೆ 'ಅನುಮತಿಯಿಲ್ಲದೆ ಗೈರು' ಎಂದು ಬರೆದಿದ್ದರು. ತಿದ್ದಿ ಎಂದು ಅವನು ಎರಡು ಅರ್ಜಿ ಕೊಟ್ಟ. ಉತ್ತರ ಬರಲಿಲ್ಲ.

"ಕಾಲ್ನೋವು ಓಯ್ತು ಕಣ್ಲಾ," ಎಂದ ನಾಗರಾಜುವಿಗೆ. "ಇದ ಮಾತ್ರ ನಾನು ಬುಡಾಕಿಲ್ಲ."