ಗೋಡೆಯಾಚೆ ಮಲಗುವವಳು

ಬೆಳಗಾವಿಯ ಕೋಟೆಯ ಹತ್ತಿರದ ಓಣಿಯೊಂದರಲ್ಲಿ ನಮ್ಮ ಪುಟ್ಟ ರಂಗಮಂದಿರವಿದೆ. ನಾನು ಖಾನಾಪುರದಿಂದ ಬಸ್ಸಿನಲ್ಲಿ ಬಂದು ಅಲ್ಲಿ ನಾಟಕ ಆಡಿಸುತ್ತೇನೆ. ಮಂದಿರವನ್ನು ನಡೆಸುವುದು ಒಂದು ಸಮಿತಿ. ಆ ಮಹಾಶಯರಿಗೆ ನಾಟಕ ಬೇಕಿಲ್ಲ. ಹಾರ ಬೇಕು, ಮೈಕು ಬೇಕು. ಅಧ್ಯಕ್ಷರು ಬಟ್ಟೆ ವ್ಯಾಪಾರಿ. ಮೈಕು ಕೈಗೆ ಸಿಕ್ಕರೆ ಬಟ್ಟೆಯ ತಾನು ಬಿಚ್ಚಿದ ಹಾಗೆ ಮಾತು ಬಿಚ್ಚುತ್ತಾರೆ, ಅಳತೆಯೊಂದು ಇರುವುದಿಲ್ಲ.

ಮಂದಿರದ ಗೋಡೆಗೆ ಅಂಟಿಕೊಂಡೇ ಒಂದು ಮನೆ. ಆ ಮನೆಯ ಸೊಸೆ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಅವಳು ಮಲಗುವುದು ಹಗಲು, ನಮ್ಮ ತಾಲೀಮು ನಡೆಯುವುದೂ ಹಗಲೇ. ಒಂದು ದಿನ ಬಾಗಿಲಿಗೆ ಬಂದು ನಿಂತಳು.

“ಅಕ್ಕಾರ, ಡ್ಯೂಟಿ ಒಳಗ ಕಣ್ಣ ಎಳೀತಾವ್ರಿ. ಒಬ್ಬರಿಗೆ ಕೊಡೂ ಸೂಜಿ ಮತ್ತೊಬ್ಬರಿಗೆ ಕೊಟ್ಟರ ಏನ್ ಗತಿ? ನಾಟಕ ಬ್ಯಾಡ ಅನ್ನಾಕ ಬಂದಿಲ್ರಿ. ನಿದ್ದಿ ಬೇಕು, ಅಷ್ಟ.”

ಸಮಿತಿ ಸೇರಿತು. ಚಹಾ, ಚುರಮುರಿ, ಭಜಿ ಮುಗಿದ ಮೇಲೆ ಅಧ್ಯಕ್ಷರ ತಲೆಗೆ ಹೊಳೆದದ್ದು ಮೊಟ್ಟೆಯ ರಟ್ಟಿನ ಟ್ರೇ. ಅದು ಸದ್ದು ಹೀರುತ್ತದಂತೆ. ಊರಿನ ಆಮ್ಲೆಟ್ ಗಾಡಿಗಳಿಂದೆಲ್ಲ ತರಿಸಿ ಗೋಡೆ ತುಂಬ ಅಂಟಿಸಿದರು. ಆಮೇಲೆ ಎಲ್ಲರೂ ಒಳಗೆ ನಿಂತು ಚಪ್ಪಾಳೆ ತಟ್ಟಿ, ಸದ್ದು ಹೊರಗೆ ಹೋಗುವುದಿಲ್ಲವೆಂದು ತೀರ್ಮಾನಿಸಿದರು. ಒಳಗೆ ನಿಂತು! ಹೊರಗೆ ಹೋಗಿ ಕೇಳೋಣವೆಂದು ಒಬ್ಬ ಪುಣ್ಯಾತ್ಮನಿಗೂ ಅನ್ನಿಸಲಿಲ್ಲ.

ನಾನೇ ಆ ಮನೆಗೆ ಹೋದೆ. ನರ್ಸು ಕೂರಿಸಿ ಚಹಾ ಕೊಟ್ಟಳು. ಗೋಡೆಯಾಚೆಯಿಂದ ಅಧ್ಯಕ್ಷರ ದನಿ ಎದುರಿಗೇ ಕೂತು ಆಡಿದಷ್ಟು ಸ್ಪಷ್ಟವಾಗಿ ಬಂತು.

“ಖರೇ ಹೇಳ್ತೀನಿ, ಆ ನರ್ಸ್ ಬಾಯಿದು ಬರೇ ನಖರಾ. ಹಗಲಾಗ ಮಲಗೂ ಮಂದಿ ಸಲುವಾಗಿ ನಾಟಕ ಬಂದ್ ಮಾಡೂಣೇನು?”

ನಾಚಿಕೆಯಾಗಿ ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವಳು ಮಾತ್ರ, “ಬಿಸ್ಕೀಟ್ ತಗೋರಿ,” ಎಂದಳು.

ಮರುದಿನವೇ ಸಮಿತಿಯ ಜೊತೆ ಜಗಳ ತೆಗೆದೆ. ನನ್ನ ಬಾಯಿಗೆ ಹೆದರಿ ಇನ್ನೊಂದು ಗೋಡೆಗೆ ಒಪ್ಪಿದರು. ಖಾನಾಪುರದಿಂದ ಇಟ್ಟಿಗೆ ತರಿಸಿ, ಹಳೆಯ ಗೋಡೆಯಿಂದ ಸ್ವಲ್ಪ ಜಾಗ ಬಿಟ್ಟು ಎರಡನೆಯ ಗೋಡೆ ಕಟ್ಟಿಸಿದೆ. ನಡುವೆ ಮರಳು, ಬಾಗಿಲಿನ ಸಂದಿಗೆಲ್ಲ ರಬ್ಬರು. ತಾಲೀಮು ನಡೆಯುವಾಗ ಅವಳ ಮನೆಯಲ್ಲಿ ಹೋಗಿ ಕೂತೆ. ಗಡಿಯಾರದ ಟಿಕ್ ಟಿಕ್ ಕೇಳಿಸಿತು, ನಾಟಕದ ಒಂದಕ್ಷರವೂ ಇಲ್ಲ. ನನ್ನ ಜೊತೆ ಮಾತಾಡುತ್ತಲೇ ಅವಳು ಕೂತಲ್ಲೇ ತೂಕಡಿಸಿದಳು. ನನಗೆ ಅವತ್ತು ಆದಷ್ಟು ಖುಷಿ ಯಾವ ಪ್ರಯೋಗದ ಚಪ್ಪಾಳೆಗೂ ಆಗಿರಲಿಲ್ಲ.

ಸಮಿತಿ ಸುಮ್ಮನಿರುತ್ತದೆಯೇ? ‘ತಮ್ಮ’ ಸಾಧನೆಗೆ ಉದ್ಘಾಟನೆ ಆಗಬೇಕಲ್ಲ. ಭಾನುವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಓಣಿ ತುಂಬ ಪೆಂಡಾಲು, ಕಂಬಕ್ಕೆ ಮೈಕಿನ ಎರಡು ಹಾರ್ನು. ಒಂದರ ಮುಖ ನೇರವಾಗಿ ಅವಳ ಕಿಟಕಿಗೆ.

“ಇದೇನ್ರಿ ಇದು?” ಎಂದೆ.

“ಹಾರ್ನ್ ಕಟ್ಟಲಿಲ್ಲ ಅಂದ್ರ ನಾಟಕ ಐತಿ ಅಂತ ಮಂದಿಗೆ ಹೆಂಗ ಗೊತ್ತಾಗಬೇಕ್ರಿ ಮೇಡಮ್? ಮೊದಲಿಂದ ಬಂದ ಪದ್ಧತಿ,” ಎಂದು ಅಧ್ಯಕ್ಷರು ಮೈಕು ಹಿಡಿದರು.

ವಿಷಯ, ಮೌನದ ಮಹತ್ವ. ನೆರೆಯವರ ನೆಮ್ಮದಿಯೇ ತಮ್ಮ ಉಸಿರೆಂದು ಅವರು ಕಿರುಚಿದ್ದು ಕೋಟೆಯ ಕಂದಕದವರೆಗೂ ಕೇಳಿಸಿರಬೇಕು. ಇಂಥವರ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ ಈಗ, ಬರೀ ಹೇಸಿಗೆ.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಪಾಳಿ ಮುಗಿಸಿ ಬಂದಿದ್ದ ನರ್ಸು, ಕಣ್ಣು ಕೆಂಪಗೆ, ಕಂಕುಳಲ್ಲಿ ತಲೆದಿಂಬು. ಭಾಷಣದ ಮುಂದಿನಿಂದಲೇ ನಡೆದು, ಬಾಗಿಲಿಗೆ ಕಟ್ಟಿದ್ದ ಉದ್ಘಾಟನೆಯ ರಿಬ್ಬನ್ನಿನ ಕೆಳಗೆ ಬಗ್ಗಿ, ಖಾಲಿ ಮಂದಿರದೊಳಗೆ ಹೋದಳು. ನಾನು ಹಿಂದೆಯೇ ಓಡಿದೆ. ರಂಗದ ಮೇಲೆ ಹಾಸಿದ್ದ ಜಮಖಾನೆಯ ಮೇಲೆ ದಿಂಬು ಇಡುತ್ತಿದ್ದಳು.

“ಬಾಗಲಾ ಹಾಕ್ರಿ ಅಕ್ಕಾರ. ಓಣ್ಯಾಗ ಇದೊಂದ ಜಾಗಾ ಶಾಂತ ಐತಿ.”

ಬಾಗಿಲು ಎಳೆದು ಚಿಲಕ ಹಾಕಿದೆ. ಭಾಷಣ ನನ್ನ ಕಿವಿಗೆ ಅರ್ಧಕ್ಕೇ ನಿಂತುಹೋಯಿತು. ಅವಳು ಆಗಲೇ ನಿದ್ದೆ ಹೋಗಿದ್ದಳು.

ಆಮೇಲೆ ಅಧ್ಯಕ್ಷರು ಕತ್ತರಿ ಹಿಡಿದುಕೊಂಡು ಬಾಗಿಲ ಮುಂದೆ ಬಹಳ ಹೊತ್ತು ಕೂಗಿದರಂತೆ. ಒಳಗೆ ನಮಗೆ ಏನೂ ಕೇಳಿಸಲಿಲ್ಲ.